ಕೌಂಟಿಗೆ ‘ಜಿಲ್ಲೆ’ ಅನ್ನಬಹುದಾ?

ಗೆಳೆಯರೇ,

ಅಮೆರಿಕದ ಕೌಂಟಿಗಳ ಹಣಕಾಸಿನ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಮೊದಲ ಸಾಲಲ್ಲೇ ಗಾಡಿ ನಿಂತಿದೆ. ಕೌಂಟಿಗೆ ‘ಜಿಲ್ಲೆ’ ಅಂತ ಬರೆದುಬಿಡೋದು ಸುಲಭ. ನಕ್ಷೆ ನೋಡಿದರೆ ಅದು ಸರಿಯೂ ಹೌದು, ರಾಜ್ಯವನ್ನು ಹೋಳು ಮಾಡಿದರೆ ಇಲ್ಲಿ ಜಿಲ್ಲೆ, ಅಲ್ಲಿ ಕೌಂಟಿ. ದುಡ್ಡಿನ ಮಾತು ಬಂದ ಕೂಡಲೇ ಕೆಡುತ್ತದೆ.

ನಮ್ಮ ಜಿಲ್ಲೆಗೆ ತನ್ನದು ಅಂತ ಗಂಟಿಲ್ಲ. ಜಿಲ್ಲಾಧಿಕಾರಿಯನ್ನು ನೇಮಿಸೋದು ರಾಜ್ಯ ಸರ್ಕಾರ. ‘ಜಿಲ್ಲಾ ಖಜಾನೆ’ ಅನ್ನೋ ಬೋರ್ಡು ಹಾಕಿಕೊಂಡ ಕಚೇರಿಯೂ ರಾಜ್ಯದ ಖಜಾನೆ ಇಲಾಖೆಯದೇ. ಮನೆಗಂದಾಯ ಕಟ್ಟೋದು ಗ್ರಾಮ ಪಂಚಾಯಿತಿಗೋ ಪುರಸಭೆಗೋ. ಜಿಲ್ಲಾ ಪಂಚಾಯಿತಿ ನಡೆಯೋದು ಬಹುಪಾಲು ಮೇಲಿನಿಂದ ಬಂದ ಅನುದಾನದಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಸಾಂತಾ ಕ್ಲಾರಾ ಕೌಂಟಿಯಲ್ಲಿ ಸ್ವಂತ ಮನೆ ಇರುವ ಕನ್ನಡಿಗರನ್ನು ಕೇಳಿ, ಮನೆಗಂದಾಯದ ಬಿಲ್ಲು ಕೌಂಟಿಯಿಂದಲೇ ಬರುತ್ತದೆ. ಎರಡು ಕಂತು. ಡಿಸೆಂಬರ್ 10, ಏಪ್ರಿಲ್ 10 ದಾಟಿದರೆ ದಂಡ. ಮನೆಗೆ ಬೆಲೆ ಕಟ್ಟುವ ಅಸೆಸರ್ ಕೂಡ ವೋಟು ಕೇಳಿ ಗೆದ್ದು ಬಂದವರು.

ನನಗೆ ಜಾಸ್ತಿ ತಲೆನೋವಾಗಿರೋದು ಕ್ಯಾಲಿಫೋರ್ನಿಯಾದ್ದೇ ಆದ ಆರೆಂಜ್ ಕೌಂಟಿಯ ಕತೆ. ಅಲ್ಲಿ ರಾಬರ್ಟ್ ಸಿಟ್ರನ್ ಅಂತ ಒಬ್ಬ ಟ್ರೆಶರರ್ ಇದ್ದರು, ಅವರೂ ಜನ ಆರಿಸಿದವರೇ. ಕೌಂಟಿಯ ದುಡ್ಡಿನ ಜೊತೆಗೆ ಅಲ್ಲಿನ ಊರುಗಳು, ಶಾಲೆಗಳು ಇಟ್ಟ ದುಡ್ಡನ್ನೂ ಸೇರಿಸಿ, ಅದರ ಮೇಲೆ ಇನ್ನಷ್ಟು ಸಾಲ ಎತ್ತಿ, ಬಡ್ಡಿದರ ಏರಲ್ಲ ಅನ್ನೋ ಲೆಕ್ಕದ ಮೇಲೆ ಹೂಡಿದರು. 1994ರಲ್ಲಿ ಬಡ್ಡಿ ಏರಿತು. ಸುಮಾರು 160 ಕೋಟಿ ಡಾಲರ್ ಹೋಯಿತು, ಡಿಸೆಂಬರ್‌ನಲ್ಲಿ ಕೌಂಟಿ ಕೋರ್ಟಿಗೆ ಹೋಗಿ ದಿವಾಳಿ ಅರ್ಜಿ ಹಾಕಿತು. ಮರುವರ್ಷ ಡಾಲರಿಗೆ ಅರ್ಧ ಸೆಂಟು ಮಾರಾಟ ತೆರಿಗೆ ಏರಿಸೋಣವಾ ಅಂತ ಜನರನ್ನೇ ಕೇಳಿದರೆ ಜನ ಸುಮ್ನೆ ಬೇಡ ಅಂದುಬಿಟ್ಟರು. ಇದನ್ನು ‘ಆರೆಂಜ್ ಜಿಲ್ಲೆ ದಿವಾಳಿ’ ಅಂತ ಬರೆದರೆ ನಮ್ಮ ಓದುಗರಿಗೆ ಏನರ್ಥ ಆದೀತು? ಜಿಲ್ಲೆ ಪಾಪರ್ ಚೀಟಿ ತಗೊಳ್ಳೋದು ನಾವು ಕೇಳಿದ್ದುಂಟಾ? ‘ಜಿಲ್ಲಾ ಖಜಾನಾಧಿಕಾರಿ’ ಅಂದರಂತೂ ಬೆಂಗಳೂರಿಂದ ವರ್ಗವಾಗಿ ಬಂದವರು ಅನ್ನಿಸುತ್ತದೆ. ‘ದಿವಾಳಿ’ ಪದದ ಬಗ್ಗೆಯೂ ಅನುಮಾನ ಇದೆ. ಅಂಗಡಿ ದಿವಾಳಿಯಾದರೆ ಬಾಗಿಲು ಹಾಕುತ್ತದೆ, ಕೌಂಟಿ ಹಾಕಲಿಲ್ಲ. ಸಾಲ ಕೊಟ್ಟವರನ್ನು ತಡೆದು ನಿಲ್ಲಿಸಿ, ಅದೇ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ), ಅದೇ ಜೈಲು ಇಟ್ಟುಕೊಂಡು ನಡೆಯಿತು.

ಕೆಲವರು ‘ಜಿಲ್ಲಾ ಪರಿಷತ್ತು’ ಅನ್ನಬಹುದು. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದ, 1987ರ ಜಿಲ್ಲಾ ಪರಿಷತ್ತು ನೆನಪಿರುವವರಿಗೆ ಅದು ಹತ್ತಿರ ಅನ್ನಿಸೀತು, ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತಲ್ವಾ. ಆದರೆ ಆಗಲೂ ದುಡ್ಡು ರಾಜ್ಯದಿಂದಲೇ ಬರಬೇಕಿತ್ತು. ಹಾಗಾಗಿ ‘ಕೌಂಟಿ’ಯನ್ನು ಹಾಗೇ ಇಟ್ಟುಕೊಳ್ಳೋದು ಅಂತ ನನ್ನ ಮನಸ್ಸು. ಕೌಂಟಿ ಕ್ರಿಕೆಟ್ಟಿನಿಂದ ಪದವಂತೂ ನಮಗೆ ಹಳೆಯದೇ.

ನಿಜವಾಗಿ ಸಿಕ್ಕಿಹಾಕಿಕೊಂಡಿರೋದು ‘ಸ್ಪೆಷಲ್ ಡಿಸ್ಟ್ರಿಕ್ಟ್’ನಲ್ಲಿ. ಒಂದೇ ಕೆಲಸಕ್ಕೆ ಅಂತ ಹುಟ್ಟಿದ ಸ್ಥಳೀಯ ಸರ್ಕಾರ ಇದು. ನೀರಿಗೊಂದು, ಬೆಂಕಿ ಆರಿಸೋಕೊಂದು. ಕ್ಯಾಲಿಫೋರ್ನಿಯಾದಲ್ಲಿ ಸೊಳ್ಳೆ ಕಾಟ ತಡೆಯೋಕೆ, ಸ್ಮಶಾನ ನೋಡಿಕೊಳ್ಳೋಕೆ ಕೂಡ ಇವೆ. ಇಡೀ ದೇಶದಲ್ಲಿ 39 ಸಾವಿರದ ಮೇಲೆ! ಹಲವಕ್ಕೆ ತಮ್ಮದೇ ಗಡಿ, ತಮ್ಮದೇ ತೆರಿಗೆ. ಶಾಲೆಗಳದ್ದು ಬೇರೆ, ‘ಸ್ಕೂಲ್ ಡಿಸ್ಟ್ರಿಕ್ಟ್’. ಜಿಲ್ಲೆ ಅಂದರೆ ‘ಸೊಳ್ಳೆ ಜಿಲ್ಲೆ’, ‘ಸ್ಮಶಾನ ಜಿಲ್ಲೆ’ ಆಗುತ್ತದೆ, ಓದಿದವರು ನಗುತ್ತಾರೆ. ‘ಮಂಡಳಿ’ ಅಂದರೆ ಬೆಂಗಳೂರು ಜಲಮಂಡಳಿಯ ನೆನಪಾಗಿ ನೀರಿನ ಮಟ್ಟಿಗೆ ಪರವಾಗಿಲ್ಲ, ಆದರೆ ಅದರಲ್ಲಿ ಗಡಿಯೂ ಇಲ್ಲ, ಚುನಾವಣೆಯೂ ಇಲ್ಲ, ತೆರಿಗೆಯೂ ಇಲ್ಲ. ‘ವಲಯ’ ಅಂದರೆ ಪಾಲಿಕೆಯ ಹೋಳು ಅನ್ನಿಸುತ್ತದೆ. ‘ಮಂಡಲ’ವನ್ನು ಮಂಡಲ ಪಂಚಾಯಿತಿ ಆಗಲೇ ಹಿಡಿದುಕೊಂಡಿತ್ತು.

ಇನ್ನೊಂದು ತೊಡಕು. ಕನೆಕ್ಟಿಕಟ್ ರಾಜ್ಯ 1960ರಲ್ಲಿ ಕೌಂಟಿ ಸರ್ಕಾರಗಳನ್ನೇ ಎತ್ತಿಬಿಟ್ಟಿತು. ಕೆಲಸ ರಾಜ್ಯದ ಕೈಗೆ ಹೋಯಿತು, ಊರಾಡಳಿತ ಮೊದಲಿನಿಂದಲೂ 169 ‘ಟೌನ್’ಗಳದ್ದೇ. ಎಂಟು ಕೌಂಟಿಗಳ ಹೆಸರು ಮಾತ್ರ ನಕ್ಷೆಯಲ್ಲಿ ಉಳಿಯಿತು. ಅಂದರೆ ಅಲ್ಲಿ ಉಳಿದ ಕೌಂಟಿ ಬರೀ ಗಡಿ, ಅದಕ್ಕೆ ‘ಜಿಲ್ಲೆ’ ಸರಿಹೋಗುತ್ತದೆ! ಟೆನೆಸಿ ರಾಜ್ಯದ ನ್ಯಾಶ್‌ವಿಲ್ ಇನ್ನೊಂದು ದಾರಿ ಹಿಡಿಯಿತು, 1963ರಲ್ಲಿ ಊರನ್ನೂ ಡೇವಿಡ್‌ಸನ್ ಕೌಂಟಿಯನ್ನೂ ಸೇರಿಸಿ ಒಂದೇ ಸರ್ಕಾರ ಮಾಡಿಕೊಂಡಿತು. ಇದಕ್ಕೆ ‘ವಿಲೀನ’ ಅಂತ ಬರೆದಿದ್ದೇನೆ. ಬ್ಯಾಂಕುಗಳ ವಿಲೀನದ ಹಾಗೆ ಕೇಳಿಸುತ್ತಾ, ಅಥವಾ ‘ಕೂಡುಸರ್ಕಾರ’ ಅಂದರೆ ತುಂಬಾ ಹೊಸತಾಯಿತಾ?

ಅಲ್ಲೇ ಇರುವವರು ಹೇಳಿ, ಮನೆಯಲ್ಲಿ ಕನ್ನಡದಲ್ಲಿ ಮಾತಾಡುವಾಗ ಮನೆಗಂದಾಯದ ಬಿಲ್ಲಿನಲ್ಲಿ ಬರುವ ಈ ಡಿಸ್ಟ್ರಿಕ್ಟುಗಳ ಸಾಲುಗಳನ್ನು ಏನಂತ ಕರೆಯುತ್ತೀರಿ? ಸ್ಪೆಷಲ್ ಡಿಸ್ಟ್ರಿಕ್ಟಿಗೆ ಒಂದು ಪದ ಸಿಕ್ಕರೂ ಸಾಕು, ಉಳಿದದ್ದನ್ನು ಹೇಗಾದರೂ ದಾಟಿಸುತ್ತೇನೆ.