ಹಳೆಯ ಚಿತ್ರದ ದೃಶ್ಯವನ್ನು ಹಾಡಿನ ವಿಡಿಯೋದಲ್ಲಿ ಮತ್ತೆ ಕಟ್ಟುವುದು: ನಮನವೋ, ನಕಲೋ?

ಸಾಧನಕೇರಿಯವ (ಧಾರವಾಡ), ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಗೆಳೆಯರು ಸೇರಿ ನಮ್ಮದೇ ಹಾಡೊಂದಕ್ಕೆ ನಾಲ್ಕು ನಿಮಿಷದ ವಿಡಿಯೋ ಮಾಡುತ್ತಿದ್ದೇವೆ. ಜನಪದ ಧಾಟಿಯ ಪ್ರೇಮಗೀತೆ. ಬರೆದು ರಾಗ ಹಾಕಿದವರು ನಾವೇ, ಹಾಡಿದವಳು ನಮ್ಮ ಓಣಿಯ ಗೆಳತಿ. ನಡುವಿನ ಒಂದು ನಿಮಿಷದಲ್ಲಿ, 1972ರ ‘ನಾಗರಹಾವು’ ಚಿತ್ರದ ‘ಬಾರೆ ಬಾರೆ’ ಹಾಡಿನ ನಿಧಾನಗತಿಯ ಚಿತ್ರಣವನ್ನು ನೆನಪಿಗೆ ತರುವಂಥ ದೃಶ್ಯವನ್ನು ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲೆ ತೆಗೆಯಬೇಕೆಂದು ಯೋಚಿಸಿದ್ದೇವೆ.

ಪರೀಕ್ಷೆಗೆಂದು ಮೊಬೈಲಿನಲ್ಲಿ ತೆಗೆದ ತುಣುಕನ್ನು ಮನೆಯಲ್ಲಿ ತೋರಿಸಿದಾಗ ಅವ್ವ ಮೊದಲ ಕ್ಷಣಕ್ಕೇ ಗುರುತು ಹಿಡಿದು ಆ ಹಾಡನ್ನು ಗುನುಗತೊಡಗಿದಳು. ಪಿಯುಸಿ ಓದುವ ತಮ್ಮ ಮಾತ್ರ ‘ಇವ್ರ್ಯಾಕ ಇಷ್ಟ ನಿಧಾನ ನಡೀತಾರ, ನೆಟ್ ಸ್ಲೋ ಐತೇನು?’ ಎಂದು ಕೇಳಿದ. ಮೂಲ ಚಿತ್ರವನ್ನು ನೋಡದವನಿಗೆ ಇಂಥ ದೃಶ್ಯದಿಂದ ಏನು ದಕ್ಕುತ್ತದೆ ಎಂಬುದು ನನ್ನ ಪ್ರಶ್ನೆ. ನೋಡಿದವರಾದರೂ ಇದನ್ನು ಗೌರವವೆಂದು ತಿಳಿಯುತ್ತಾರೆಯೋ, ಕದ್ದದ್ದೆಂದು ತಿಳಿಯುತ್ತಾರೆಯೋ ಎಂಬ ಅಳುಕೂ ಇದೆ. ಅನುಮತಿಯ ವಿಷಯ ಬಲ್ಲವರು ಅದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಸಂಕಲನದ ಕೋಣೆ (ಹುಬ್ಬಳ್ಳಿ):

ನಿಮ್ಮ ತಮ್ಮನ ಮಾತನ್ನು ನಗೆಯಾಡಿ ಬಿಡಬೇಡಿ, ಪರೀಕ್ಷೆಯಲ್ಲಿ ನಿಮಗೆ ಸಿಕ್ಕ ಅತ್ಯಂತ ಉಪಯುಕ್ತ ಉತ್ತರ ಅದೇ. ಮೂಲವನ್ನು ಬಲ್ಲವನಿಗೆ ಮಾತ್ರ ಅರ್ಥವಾಗುವ ದೃಶ್ಯ ಒಗಟಾಗುತ್ತದೆ. ಬಲ್ಲವನಿಗೆ ಎರಡು ಪಟ್ಟು, ಅರಿಯದವನಿಗೆ ಒಂದು ಪಟ್ಟು ದಕ್ಕುವಂತೆ ಕಟ್ಟಿದರೆ ಮಾತ್ರ ಅದು ನಿಲ್ಲುತ್ತದೆ. ಆರ್.ಇ.ಎಂ. ತಂಡದ ‘ಲೂಸಿಂಗ್ ಮೈ ರಿಲಿಜನ್’ (1991) ವಿಡಿಯೋದ ಆರಂಭದಲ್ಲಿ ಹಾಲಿನ ಹೂಜಿಯೊಂದು ಬಿದ್ದು ಒಡೆಯುತ್ತದೆ. ಅದನ್ನು ನಿರ್ದೇಶಿಸಿದವರು ಜಾಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್; ಹೂಜಿ ಬಂದದ್ದು ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಯ ‘ದಿ ಸ್ಯಾಕ್ರಿಫೈಸ್’ (1986) ಚಿತ್ರದಿಂದ. ವಿಡಿಯೋ ನೋಡಿದವರಲ್ಲಿ ಬಹಳಷ್ಟು ಜನ ಆ ಚಿತ್ರವನ್ನು ನೋಡಿರಲಾರರು. ಆದರೂ ಹಾಲು ಚೆಲ್ಲಿದಾಗ ಎದೆ ಧಸಕ್ಕೆನ್ನಲು ತಾರ್ಕೋವ್‌ಸ್ಕಿಯ ಪರಿಚಯ ಬೇಕಾಗುವುದಿಲ್ಲ.

ಎರಡನೆಯ ಮಾತು, ಬದಲಾವಣೆಯದು. ಮಡೋನಾಳ ‘ಮಟೀರಿಯಲ್ ಗರ್ಲ್’ (1985) ವಿಡಿಯೋವನ್ನು ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿ. 1953ರ ‘ಜಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ ಚಿತ್ರದಲ್ಲಿ ಮರ್ಲಿನ್ ಮನ್ರೋ ವಜ್ರಗಳನ್ನು ಹೊಗಳಿ ಹಾಡುವ ದೃಶ್ಯವನ್ನು ನಿರ್ದೇಶಕಿ ಮೇರಿ ಲ್ಯಾಂಬರ್ಟ್ ಅಲ್ಲಿ ಮತ್ತೆ ಕಟ್ಟಿದ್ದಾರೆ: ಅದೇ ಗುಲಾಬಿ ಉಡುಪು, ಅದೇ ಕೆಂಪು ಹಿನ್ನೆಲೆ, ಅದೇ ರೀತಿ ಕೋಟು ತೊಟ್ಟ ಗಂಡಸರ ಸಾಲು. ಇಷ್ಟೇ ಆಗಿದ್ದರೆ ವೇಷದ ಸ್ಪರ್ಧೆ ಎನ್ನಬಹುದಿತ್ತು. ಆದರೆ ಆ ದೃಶ್ಯದ ಸುತ್ತ ಇನ್ನೊಂದು ಕತೆಯಿದೆ. ಹಾಡಿನಲ್ಲಿ ಹಣವಂತನೇ ಬೇಕೆನ್ನುವ ಆ ನಟಿ ಚಿತ್ರೀಕರಣದ ಹೊರಗೆ ದುಬಾರಿ ಉಡುಗೊರೆಗಳಿಗೆ ಮನಸೋಲದೆ, ಸಾದಾ ಹೂವುಗಳನ್ನು ತಂದು ಹಳೆಯ ಟ್ರಕ್ಕಿನಲ್ಲಿ ಕರೆದೊಯ್ಯುವವನ ಜೊತೆ ಹೋಗುತ್ತಾಳೆ. ಹಳೆಯ ದೃಶ್ಯವನ್ನು ಎರವಲು ತಂದು ಅದರೊಂದಿಗೇ ಜಗಳ ತೆಗೆದದ್ದರಿಂದ ಆ ವಿಡಿಯೋ ಉಳಿಯಿತು. ನಿಮ್ಮ ಒಂದು ನಿಮಿಷ ‘ನಾಗರಹಾವಿ’ನೊಂದಿಗೆ ಏನು ಮಾತನಾಡುತ್ತದೆ?

ಹಾವೇರಿಯ ಪ್ರೇಕ್ಷಕ:

ನನ್ನದು ಸ್ವಲ್ಪ ಒರಟು ಅಭಿಪ್ರಾಯ, ಕ್ಷಮೆಯಿರಲಿ. ನಮ್ಮ ಭಾಗದ ಜನಪದ ವಿಡಿಯೋಗಳನ್ನು ತೆರೆದರೆ ಹೊಗೆಯ ನಡುವೆ ನಾಯಕನ ನಡಿಗೆ, ಸಾಲುಗಟ್ಟಿದ ಬೈಕುಗಳು, ತಿರುಗಿ ನೋಡುವಾಗ ಹಾರುವ ದುಪಟ್ಟಾ ಎಲ್ಲವೂ ಹಿಂದಿನ ತಿಂಗಳ ಚಿತ್ರದಿಂದ ಎತ್ತಿದ್ದೇ ಆಗಿರುತ್ತದೆ. ಹೊಲ, ಹಗೇವು, ಸಂತೆ ಎಲ್ಲವನ್ನೂ ಕಣ್ಣೆದುರಿಗೆ ಇಟ್ಟುಕೊಂಡು ನಾವು ಬೇರೆಯವರ ಕ್ಯಾಮೆರಾದ ಎಂಜಲನ್ನೇಕೆ ಉಣ್ಣಬೇಕು?

ಹೊರಗಿನವರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. 2011ರಲ್ಲಿ ಬಿಯಾನ್ಸೆಯ ‘ಕೌಂಟ್‌ಡೌನ್’ ವಿಡಿಯೋದಲ್ಲಿ ಆಡ್ರೆ ಹೆಪ್‌ಬರ್ನ್ ನಟಿಸಿದ ‘ಫನ್ನಿ ಫೇಸ್’ (1957) ಚಿತ್ರದ ನೆರಳಿತ್ತು. ಅದನ್ನು ಜನ ಮೆಚ್ಚಿಕೊಂಡರು. ಅದೇ ವಿಡಿಯೋದಲ್ಲಿ ಬೆಲ್ಜಿಯಂನ ನೃತ್ಯ ಸಂಯೋಜಕಿ ಆನ್ ತೆರೇಸಾ ಡಿ ಕೀರ್ಸ್‌ಮಾಕರ್ ಅವರ ಕೃತಿಯ ಚಲನೆಗಳೂ ಇದ್ದವು. ಆ ಕೃತಿ ಅಷ್ಟು ಜನಪ್ರಿಯವಲ್ಲದ್ದರಿಂದ, ಮತ್ತು ಹೆಸರು ಹೇಳದೆ ಬಳಸಿದ್ದರಿಂದ, ಕಳವಿನ ಮಾತು ಎದ್ದಿತು. ಎಲ್ಲರಿಗೂ ಗೊತ್ತಿರುವುದನ್ನು ತಂದರೆ ನಮನ, ಯಾರಿಗೂ ಗೊತ್ತಿಲ್ಲದ್ದನ್ನು ತಂದರೆ ಕಳವು ಎನ್ನುವ ಈ ಲೆಕ್ಕವೇ ನನಗೆ ಸರಿ ಕಾಣುವುದಿಲ್ಲ.

ಪರದೆ ಬರೆಯುವವರ ಮಗಳು (ಗದಗ):

ಹಾವೇರಿಯ ಅಣ್ಣಾವರ ಸಿಟ್ಟು ನ್ಯಾಯವಾದದ್ದೇ. ಆದರೆ ಎರವಲು ತರುವುದೇ ತಪ್ಪು ಎಂದರೆ ನಮ್ಮ ಕಂಪನಿ ನಾಟಕದ ಪರಂಪರೆಯನ್ನೂ ಕೈಬಿಡಬೇಕಾಗುತ್ತದೆ. ನಮ್ಮೂರಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಸೀನ್‌ಸೀನರಿಗಳ ಮಾತನ್ನು ಹಿರಿಯರು ಇಂದಿಗೂ ಆಡುತ್ತಾರೆ. ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆಗಳು ನಾಟಕದಿಂದ ನಾಟಕಕ್ಕೆ ದಾಟುತ್ತಿದ್ದವು. ನಿನ್ನೆ ರಾಮ ನಿಂತಿದ್ದ ಕಾಡಿನಲ್ಲಿ ಇಂದು ನಳ ನಿಂತಾಗ, ನೋಡುವವನ ಮನಸ್ಸಿನಲ್ಲಿ ನಿನ್ನೆಯ ವನವಾಸವೂ ಸುಳಿಯುತ್ತಿತ್ತು.

ಆದ್ದರಿಂದಲೇ ನನಗೆ ಸ್ಮ್ಯಾಶಿಂಗ್ ಪಂಪ್ಕಿನ್ಸ್ ತಂಡದ ‘ಟುನೈಟ್, ಟುನೈಟ್’ (1996) ವಿಡಿಯೋ ಪರಕೀಯವೆನಿಸಲಿಲ್ಲ. ಜೊನಾಥನ್ ಡೇಟನ್ ಮತ್ತು ವ್ಯಾಲರಿ ಫಾರಿಸ್ ಜೋಡಿ ಅದನ್ನು ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1902ರಲ್ಲಿ ತೆಗೆದ ಚಂದ್ರಯಾನದ ಮೂಕಿ ಚಿತ್ರದ ಮಾದರಿಯಲ್ಲಿ ಕಟ್ಟಿದೆ. ಮೆಲಿಯೆಸ್ ಮೂಲತಃ ರಂಗಭೂಮಿಯ ಜಾದೂಗಾರ. ಅವನ ಚಂದ್ರ, ನಕ್ಷತ್ರ, ಸಮುದ್ರ ಎಲ್ಲವೂ ಬಣ್ಣ ಬಳಿದ ಹಲಗೆ ಮತ್ತು ಪರದೆಗಳೇ. ವಿಡಿಯೋದವರು ಕಥೆಯ ಎಳೆಯನ್ನಷ್ಟೇ ತೆಗೆದುಕೊಳ್ಳದೆ ಅವನ ಕೈಕೆಲಸವನ್ನೂ ತಮ್ಮದಾಗಿಸಿಕೊಂಡರು, ಕೊನೆಗೆ ಪ್ರಯಾಣಿಕರನ್ನು ಕಾಪಾಡಲು ಬರುವ ಹಡಗಿಗೆ ಮೆಲಿಯೆಸ್‌ನ ಹೆಸರನ್ನೇ ಇಟ್ಟರು. ಕೃತಜ್ಞತೆಯನ್ನು ಚಿತ್ರದ ಒಳಗೇ ಬರೆಯುವ ಈ ರೀತಿ ನಿಮಗೂ ಸಾಧ್ಯ. ಗೋಡೆಯ ಮೇಲೊಂದು ಹಳೆಯ ಪೋಸ್ಟರ್ ಅಥವಾ ಅಂಗಡಿಯ ಬೋರ್ಡಿನ ಮೇಲೊಂದು ಹೆಸರು ಸಾಕು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಾಡಿದವಳು ಗೆಳತಿ ಎಂದು ನೀವು ಒಂದು ಮಾತು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಕಾಣುವಂತೆ ಇಡೀ ವಿಡಿಯೋದ ಬೀಜ ಅಲ್ಲಿದೆ. ‘ಬಾರೆ’ ಎಂದು ಕರೆಯುವುದು ಗಂಡಿನ ದನಿ, ಪಿ.ಬಿ. ಶ್ರೀನಿವಾಸ್ ಅವರದು, ಅಲ್ಲಿ ರಾಮಾಚಾರಿ ನೋಡುತ್ತಾನೆ, ನಾವು ಅವನ ಕಣ್ಣಿನಿಂದ ಅಲಮೇಲುವನ್ನು ನೋಡುತ್ತೇವೆ. ನಿಮ್ಮ ಹಾಡಿನಲ್ಲಿ ಕರೆಯುವವಳು ಹೆಣ್ಣು. ನಿಧಾನಗತಿಯಲ್ಲಿ ಚಲಿಸಬೇಕಾದವನು ಹುಡುಗ, ನಿಂತು ನೋಡುವವಳು ಅವಳು. ಇದಿಷ್ಟನ್ನು ತಿರುವಿ ಹಾಕಿದರೆ ನಿಮ್ಮ ಅವ್ವನಿಗೆ ಹಳೆಯ ಹಾಡೂ ಅದರ ಉತ್ತರವೂ ಒಟ್ಟಿಗೆ ಕೇಳಿಸುತ್ತವೆ. ನಿಮ್ಮ ತಮ್ಮನಿಗೆ, ತಾನು ಬಯಸಿದವನನ್ನು ನಾಚದೆ ದಿಟ್ಟಿಸುವ ಹುಡುಗಿಯೊಬ್ಬಳು ಕಾಣುತ್ತಾಳೆ. ನೆಟ್ ಸ್ಲೋ ಎಂದು ಆಗ ಅವನು ಹೇಳಲಾರ.

ಕೋರ್ಟ್ ರಸ್ತೆ (ಧಾರವಾಡ):

ಕಾನೂನಿನ ಬಗ್ಗೆ ಸಂಕ್ಷಿಪ್ತವಾಗಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರಕ್ಕೆ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷಗಳ ರಕ್ಷಣೆಯಿದೆ. 1972ರ ಚಿತ್ರಕ್ಕೆ ಅದು 2032ರ ಕೊನೆಯವರೆಗೆ ಇರುತ್ತದೆ. ಆದ್ದರಿಂದ ಮೂಲ ಚಿತ್ರದ ತುಣುಕನ್ನಾಗಲಿ ಧ್ವನಿಯನ್ನಾಗಲಿ ಅನುಮತಿಯಿಲ್ಲದೆ ಸೇರಿಸಬೇಡಿ. ಕ್ವೀನ್ ತಂಡದ ‘ರೇಡಿಯೋ ಗಾಗಾ’ (1984) ವಿಡಿಯೋದಲ್ಲಿ ‘ಮೆಟ್ರೊಪೊಲಿಸ್’ (1927) ಚಿತ್ರದ ದೃಶ್ಯಗಳೇ ಇರುವುದನ್ನು ನೋಡಿ ನಾವೂ ಹಾಗೆ ಮಾಡೋಣ ಎಂದು ಹೊರಡುವವರಿದ್ದಾರೆ. ಆ ದಾರಿ ಹಕ್ಕುಗಳನ್ನು ಪಡೆದವರದು.

ಹೊಸದಾಗಿ ಚಿತ್ರೀಕರಿಸುವುದು ಬೇರೆ ಮಾತು. ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಿಸಿದ ರೀತಿಗೆ ಇದೆ ಎಂದು ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ನಾಟಕವೊಂದನ್ನು ಸಿನಿಮಾ ಮಾಡಿದರೆಂಬ ದೂರು ಅದು. ನಿಧಾನಗತಿ ಯಾರ ಸ್ವತ್ತೂ ಅಲ್ಲ. ಆದರೆ ಚೌಕಟ್ಟಿಗೆ ಚೌಕಟ್ಟು, ಉಡುಪಿಗೆ ಉಡುಪು ಹೊಂದಿಸಿ ಪುನಃ ತೆಗೆದರೆ ಅದು ಪ್ರತಿಯೋ ಅಲ್ಲವೋ ಎಂಬ ಬಗ್ಗೆ ಬಾಂಬೆ ಮತ್ತು ದೆಹಲಿ ಉಚ್ಚ ನ್ಯಾಯಾಲಯಗಳು ಒಂದೇ ದನಿಯಲ್ಲಿ ಮಾತನಾಡಿಲ್ಲ. ಗದಗಿನ ಅಕ್ಕಾವರು ಹೇಳಿದಂತೆ ತಿರುವಿ ಕಟ್ಟಿದರೆ ಕಲೆಗೂ ಒಳ್ಳೆಯದು, ಕಾನೂನಿಗೂ ಒಳ್ಳೆಯದು.

ಸಾಧನಕೇರಿಯವ:

ಎಲ್ಲರಿಗೂ ಕೃತಜ್ಞತೆಗಳು. ಗದಗಿನ ಅಕ್ಕಾವರ ಉತ್ತರವನ್ನು ಗೆಳತಿಗೆ ಓದಿ ಹೇಳಿದಾಗ ಅವಳು, ‘ಇದನ್ನ ನಾ ಮೊದಲ ದಿನಾನ ಹೇಳಿದ್ದೆ, ನೀವ್ಯಾರೂ ಕೇಳಲಿಲ್ಲ’ ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈಗ ಹುಡುಗ ಬೆಟ್ಟದ ಮೆಟ್ಟಿಲಿಳಿದು ಬರುತ್ತಾನೆ, ಅವಳು ಕೆಳಗೆ ಗಿರ್ಮಿಟ್ ಪೊಟ್ಟಣ ಹಿಡಿದು ಹಾಡುತ್ತ ನಿಂತಿರುತ್ತಾಳೆ. ಒಂದು ತೊಡಕು ಉಳಿದಿದೆ: ಅವಳನ್ನೂ ನಿಧಾನಗತಿಯಲ್ಲಿ ತೆಗೆದರೆ ತುಟಿಯ ಚಲನೆ ಹಾಡಿಗೆ ಹೊಂದುವುದಿಲ್ಲ.

ಸಂಕಲನದ ಕೋಣೆ (ಹುಬ್ಬಳ್ಳಿ):

ಹೊಂದುತ್ತದೆ. ಸೆಕೆಂಡಿಗೆ 50 ಫ್ರೇಮ್‌ಗಳಂತೆ ಚಿತ್ರೀಕರಿಸಿ, ಸ್ಥಳದಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ, ಅವಳು ಅದೇ ವೇಗಕ್ಕೆ ತುಟಿಯಾಡಿಸಲಿ. ಅದನ್ನು 25 ಫ್ರೇಮ್‌ಗಳ ಲೆಕ್ಕದಲ್ಲಿ ಓಡಿಸಿದಾಗ ತುಟಿ ಹಾಡಿನ ಸಹಜ ವೇಗಕ್ಕೆ ಕೂಡುತ್ತದೆ, ಕೂದಲು ಮತ್ತು ಸೆರಗು ಮಾತ್ರ ನಿಧಾನವಾಗಿ ಅಲೆಯುತ್ತವೆ. ಎರಡು ಪಟ್ಟು ವೇಗದಲ್ಲಿ ಜನಪದ ಹಾಡು ಕೇಳಿದರೆ ನಗು ತಡೆಯುವುದು ಕಷ್ಟ, ಆದ್ದರಿಂದ ಮನೆಯಲ್ಲೇ ನಾಲ್ಕು ದಿನ ರೂಢಿ ಮಾಡಿಸಿ. ಗಿರ್ಮಿಟ್ ಮಾತ್ರ ತುಟಿಯಾಡಿಸುವ ಶಾಟ್ ಮುಗಿದ ಮೇಲೆ ತಿನ್ನಲಿ.