ಗುಕೇಶ್ ಗೆದ್ದದ್ದೋ, ಡಿಂಗ್ ಸೋತದ್ದೋ? 14ನೇ ಆಟದ 55ನೇ ನಡೆ

ಕುದುರೆನಡೆ: 2024ರ ಡಿಸೆಂಬರ್ 12, ಸಿಂಗಾಪುರ. ಚೆಸ್ ವಿಶ್ವ ಚಾಂಪಿಯನ್‌ಶಿಪ್‌ನ ಕೊನೇ ಆಟ, ಚಾಂಪಿಯನ್ ಚೀನಾದ ಡಿಂಗ್ ಲಿರೆನ್ ಎದುರು ಭಾರತದ ಗುಕೇಶ್. ಸ್ಕೋರ್ 6.5–6.5. ಇಬ್ಬರಿಗೂ ಒಂದು ರೂಕ್ (ಆನೆ), ಒಂದು ಬಿಷಪ್ (ಒಂಟೆ). ಬಿಳಿ ಡಿಂಗ್‌ಗೆ ಜಿ3 ಮನೇಲಿ (ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು) ಪಾನ್ (ಕಾಲಾಳು), ಕಪ್ಪು ಗುಕೇಶ್‌ಗೆ ಎಫ್5, ಜಿ4. ಡ್ರಾ ಆಗೋ ಆಟ. ಡಿಂಗ್ 55ನೇ ನಡೇಲಿ ರೂಕನ್ನ ಎಫ್2ಗೆ ತಂದು, ರೂಕ್‌ಗೆ ರೂಕ್ ಬದಲಾಗೋ ಹಾಗೆ ಮಾಡಿ ತಾವೇ ಪಟ್ಟ ಒಪ್ಪಿಸಿದ್ರು. ಇದು ಗೆಲುವಾ?

ಓರೆಗೆರೆ: "ತಾವೇ ಒಪ್ಪಿಸಿದ್ರು"? ರೂಕ್ ಬದಲಾಗಿದ್ದಕ್ಕಲ್ಲ, ಡಿಂಗ್ ಬಿಷಪ್ ಎ8 ಮೂಲೇಲಿದ್ದಿದ್ದಕ್ಕೆ ಸೋತಿದ್ದು. ರೂಕ್‌ಗಳು ಹೋದ ತಕ್ಷಣ ಗುಕೇಶ್ ಬಿಷಪ್ ಡಿ5ಕ್ಕೆ ಬಂತು. ಡಿಂಗ್ ಬಿಷಪ್ ಬಿ7ಗೆ ಹೋದ್ರೂ ಸಿ6ಗೆ ಹೋದ್ರೂ ಪುಕ್ಕಟೆ ಹೊಡೆತ, ಡಿ5ರಲ್ಲೇ ಬದಲಾಯಿಸಿಕೊಳ್ಳಬೇಕು. ಆಮೇಲೆ ಬರೀ ಪಾನ್ ಎಂಡ್‌ಗೇಮ್ (ರಾಜ, ಪಾನ್ ಮಾತ್ರ ಉಳಿದ ಕೊನೆಯಾಟ).

ಕುದುರೆನಡೆ: "ಮೂಲೇಲಿ" ಇಟ್ಟಿದ್ದೂ ಡಿಂಗೇ, 53ನೇ ನಡೇಲಿ! ಎಫ್2 ತಪ್ಪು ಅಂತ ಮೊದಲು ಕಾಣದೆ ತಾನು ರೂಕ್ ಬಿ3 ಆಡೋದ್ರಲ್ಲಿದ್ದೆ ಅಂತ ಗುಕೇಶೇ ಆಮೇಲೆ ಹೇಳಿದಾರೆ.

ಕಪ್ಪುಮನೆ: ಆಡೋದ್ರಲ್ಲಿದ್ರು, ಆಡಲಿಲ್ವಲ್ಲ. ಆದ್ರೆ ಆ ಪಾನ್ ಎಂಡ್‌ಗೇಮ್‌ನಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಎಫ್5 ಪಾನ್ ಎಫ್4ಗೆ ತಳ್ಳಿದ್ರೆ ಯಾರು ಬೇಕಾದ್ರೂ ಗೆಲ್ತಾರೆ.

ಓರೆಗೆರೆ: "ಯಾರು ಬೇಕಾದ್ರೂ"? ಬೋರ್ಡ್ ಹಾಕಿ ನೋಡಿ. 58ನೇ ನಡೇಲಿ ಬಿಳಿ ರಾಜ ಇ3, ಕಪ್ಪು ರಾಜ ಇ5, ಆಪೊಸಿಷನ್ (ರಾಜರು ಎದುರುಬದುರು, ಸರಿಯಬೇಕಾದ್ದು ಎದುರಾಳಿ) ಕಪ್ಪಿಗೆ. ಡಿಂಗ್ ಅಲ್ಲೇ ಸೋಲೊಪ್ಪಿ ಕೈಬಿಟ್ರು. ಮುಂದುವರಿಸಿದ್ರೆ ಬಿಳಿ ಇ2, ಕಪ್ಪು ಇ4, ಬಿಳಿ ಎಫ್2. ಈಗ ಎಫ್4 ತಳ್ಳಿ: ಜಿ ಪಾನ್ ಹೊಡೆಯುತ್ತೆ, ರಾಜ ಹೊಡೆಯುತ್ತೆ, ಬಿಳಿ ರಾಜ ಜಿ2. ಡ್ರಾ! ಗೆಲ್ಲೋಕೆ ಕಪ್ಪು ರಾಜ ಡಿ3, ಆಮೇಲೆ ಇ3, ಇ2, ಎಫ್3, ಎಫ್2 ಅಂತ ಬಳಸಿ ಹೋಗಿ ಜಿ3 ಪಾನ್ ತಿನ್ನಬೇಕು.

ಕಪ್ಪುಮನೆ: ನಾನು ಹೇಳಿದ್ದು 59ರಲ್ಲಿ ಬಿಳಿ ರಾಜ ಡಿ3ಗೆ ಹೋದ್ರೆ. ಆಗ ಎಫ್4 ತಕ್ಷಣ ಗೆಲುವು. ಹೊಡೆದ್ರೆ ರಾಜ ತಿರುಗಿ ಹೊಡೆದು ಜಿ3ಗೆ ನುಗ್ಗುತ್ತೆ.

ಓರೆಗೆರೆ: ಡಿ3 ಮಾತು ಈಗ ಬಂತು. ಮೊದಲು ಬರೆದದ್ದು ಮೇಲೇ ಇದೆ, ಓದಿ.

ಸಿಂಗಪುರ_ಕನ್ನಡಿಗ: ಎಫ್4 ಬಿಡ್ರಪ್ಪಾ. 29ನೇ ನಡೇಲಿ ಬಿ4 ಪಾನ್ ಬಿಟ್ಟುಕೊಟ್ಟು ಡ್ರಾಗೆ ಓಡಿದ್ದೇ ಡಿಂಗ್. ಅಲ್ಲಿಂದ 26 ನಡೆ ಗುಕೇಶ್ ಹಿಂಡಿದ್ರು. ಈ ಆಟ ನೋಡಿ ಇದು ಚೆಸ್‌ನ ಅಂತ್ಯ ಅಂದ ಮಾಜಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್, 2006ರಲ್ಲಿ ಬಾನ್‌ನಲ್ಲಿ ಡೀಪ್ ಫ್ರಿಟ್ಜ್ ಕಂಪ್ಯೂಟರ್ ಎದುರು, ತಮಗೇ ಬೀಳಲಿದ್ದ ಒಂದೇ ನಡೆಯ ಮೇಟ್ ಕಾಣಲಿಲ್ಲ. ಆಗ ಚೆಸ್ ಮುಗೀತಾ?

ಕುದುರೆನಡೆ: "ಹಿಂಡಿದ್ರು" ಅಂತೀರಿ, 54 ನಡೆ ಆದ್ರೂ ಡ್ರಾನೇ ಇತ್ತು. ರೂಕ್ ನಾಲ್ಕನೇ ಸಾಲಲ್ಲೇ ಎ4ಗೆ ಹೋಗಿದ್ರೆ ಮಾರನೇ ದಿನ ಟೈಬ್ರೇಕ್ (ಸ್ಕೋರ್ ಸಮ ಆದ್ರೆ ಆಡೋ ವೇಗದ ಆಟಗಳು).

ಕಪ್ಪುಮನೆ: ಎ4 ಇರಲಿ. ಓರೆಗೆರೆಯವರೇ, ಡಿ3 ಆದ್ಮೇಲೆ ಎಫ್4 ಗೆಲುವು ಹೌದೋ ಅಲ್ವೋ, ಅಷ್ಟು ಹೇಳಿ.

ಓರೆಗೆರೆ: ಡಿಂಗ್ ಡಿ3 ಯಾಕೆ ಆಡ್ತಾರೆ? ಇ2ಗೆ ಉತ್ತರ ಕೊಡಿ ಮೊದಲು.