ಮನೋಚಿಕಿತ್ಸಕರ ಹಿನ್ನೆಲೆಯನ್ನು ಎಷ್ಟರಮಟ್ಟಿಗೆ ನೋಡಬೇಕು?

ಪ್ರಶ್ನೆ:
ಪತಿಯನ್ನು ಕಳೆದುಕೊಂಡ ನನ್ನ ಅಕ್ಕ ನಿದ್ರೆಯಿಲ್ಲದೆ, ಎದೆ ಭಾರವೆನ್ನುತ್ತ ಬಳಲುತ್ತಿದ್ದಾರೆ. ಹೃದಯದ ತಪಾಸಣೆಯಲ್ಲಿ ದೋಷವೇನೂ ಕಂಡುಬಂದಿಲ್ಲ. ಮೊದಲು ಕಂಡ ಆಪ್ತಸಮಾಲೋಚಕರು ಅವರ ಹರಕೆ, ಉಪವಾಸಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದ್ದರಿಂದ ಅಕ್ಕ ಮತ್ತೆ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಈಗ ಬೆಂಗಳೂರಿನಲ್ಲೇ ಇನ್ನೊಬ್ಬ ಚಿಕಿತ್ಸಕಿಯ ಪರಿಚಯವಾಗಿದೆ. ಅವರು ಬೇರೆ ಧರ್ಮದವರು, ಉತ್ತರ ಭಾರತದಲ್ಲಿ ಬೆಳೆದವರು, ಆದರೆ ಕನ್ನಡವನ್ನು ಚೆನ್ನಾಗಿ ಬಲ್ಲರು. ನಮ್ಮ ಮನೆಯ ರೀತಿನೀತಿ ಅವರಿಗೆ ಅರ್ಥವಾದೀತೇ?

ಉತ್ತರ 1:
ಮೊದಲು ಅರ್ಹತೆಯನ್ನು ವಿಚಾರಿಸಿ. ಅವರು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ನೇರವಾಗಿ ಕೇಳಬಹುದು. ಜಾತಿ, ಧರ್ಮ ಒಂದೇ ಆಗಿರುವುದು ಅರ್ಹತೆಯಲ್ಲ. ನಮ್ಮವರೇ ಆದ ಚಿಕಿತ್ಸಕರು ಎಲ್ಲವೂ ತಮಗೆ ಗೊತ್ತೆಂದು ಭಾವಿಸಿ ಕೇಳಬೇಕಾದ್ದನ್ನು ಕೇಳದೆ ಬಿಡುವುದುಂಟು, ಮಾತು ನೆಂಟರ ಕಿವಿಗೆ ಬಿದ್ದೀತೆಂದು ರೋಗಿಯೂ ಹಿಂಜರಿಯುವುದುಂಟು. ಈ ನೋವಿಗೆ ಕಾರಣ ಏನೆಂದು ನಿಮಗನಿಸುತ್ತದೆ, ಮನೆಯವರು ಏನೆನ್ನುತ್ತಾರೆ, ಇದುವರೆಗೆ ಯಾವುದರಿಂದ ನೆಮ್ಮದಿ ಸಿಕ್ಕಿದೆ ಎಂದು ಅವರು ಕೇಳುತ್ತಾರೆಯೇ ಎಂಬುದನ್ನು ಗಮನಿಸಿ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಹೊರತಂದ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಇಂಥದೇ 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನವೊಂದಿದೆ.

ಉತ್ತರ 2:
ಕುಟುಂಬವನ್ನು ಹೊರಗಿಡದ ಚಿಕಿತ್ಸೆ ನಮ್ಮಲ್ಲಿ ಹೊಸದೇನಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲೇ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರೂ ಉಳಿಯುವಂತೆ ಮಾಡಿ, ಆರೈಕೆಯಲ್ಲಿ ಅವರನ್ನು ಪಾಲುದಾರರನ್ನಾಗಿಸಿದರು. ಮನೋವೈದ್ಯ ಜೆ. ಎಸ್. ನೇಕಿ ಅವರು 1973ರಲ್ಲಿ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಗೆ ಮಾದರಿಯಾಗಿ ಮುಂದಿಟ್ಟರು. ಸಲಹೆ ಕೊಡದೆ ಸುಮ್ಮನೆ ಆಲಿಸುವ ಚಿಕಿತ್ಸಕರನ್ನು ಕಂಡು ನಮ್ಮ ಹಿರಿಯರು ಬೇಸರಪಡುವುದೇಕೆಂದು ಅರಿಯಲು ಆ ವಿಚಾರ ಈಗಲೂ ನೆರವಾಗುತ್ತದೆ. ಆದರೆ ಗುರುವಿನ ಅಧಿಕಾರ ಹೇರಿಕೆಯಾಗಬಾರದು ಎಂಬ ಎಚ್ಚರವೂ ಬೇಕು.

ಉತ್ತರ 3:
ಹಿಂದಿನವರ ಮಾತಿಗೆ ಒಂದನ್ನು ಸೇರಿಸಲೇಬೇಕು. ಸಂಸ್ಕೃತಿಗೆ ಸ್ಪಂದಿಸುವುದೆಂದರೆ ಮನೆಯ ಕಟ್ಟಳೆಗಳನ್ನೆಲ್ಲ ಒಪ್ಪುವುದಲ್ಲ. ನಿಮ್ಮ ಅಕ್ಕನ ಪ್ರಾರ್ಥನೆ ಅವರಿಗೆ ಆಸರೆಯಾಗಿರಬಹುದು. ಅದೇ ಸಂಪ್ರದಾಯದ ಹೆಸರಿನಲ್ಲಿ ಕುಂಕುಮ, ಹೂವು, ಶುಭಕಾರ್ಯಗಳಿಂದ ಅವರನ್ನು ದೂರವಿಟ್ಟಿದ್ದರೆ ಅದೇ ನೋವಿನ ಮೂಲವೂ ಆಗಿರಬಹುದು. ಇವೆರಡನ್ನೂ ಬೇರೆಬೇರೆಯಾಗಿ ಕಾಣಬಲ್ಲವರು ಒಳ್ಳೆಯ ಚಿಕಿತ್ಸಕರು. ಮೊದಲ ಭೇಟಿಯಲ್ಲಿ ಅಕ್ಕ ಒಬ್ಬರೇ ಮಾತನಾಡಲಿ, ನೀವು ಒಳಗೆ ಬರಬೇಕೇ ಎಂಬುದನ್ನು ಅವರೇ ತೀರ್ಮಾನಿಸಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವರಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಬದುಕೇ ಬೇಡವೆಂಬ ಮಾತು ಅವರ ಬಾಯಲ್ಲಿ ಬಂದರೆ ಮಾತ್ರ ಭೇಟಿಯ ದಿನಕ್ಕಾಗಿ ಕಾಯಬೇಡಿ, ಅವರನ್ನು ಒಬ್ಬರೇ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.